ಎಣಿಸ್ಕೊಳ್ಳಿ ಎನ್ನುವ ಮರ್ಯಾದೆ

1999ರ ಮಾರ್ಚ್ 4ರ ಸಂಜೆ ಕ್ಯಾಲಿಫೋರ್ನಿಯಾದ ಕರಾವಳಿಯಾಚೆ, ವಿಮಾನವೊಂದರಿಂದ ಕಳಚಿಕೊಂಡ ಪೆಗಸಸ್ ರಾಕೆಟ್ ನಾಸಾದ ಒಂದು ಸಣ್ಣ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಹೆಸರು ವೈಡ್ ಫೀಲ್ಡ್ ಇನ್‌ಫ್ರಾರೆಡ್ ಎಕ್ಸ್‌ಪ್ಲೋರರ್. ಎಲ್ಲರೂ ಕರೆಯುತ್ತಿದ್ದದ್ದು ‘ವೈರ್’ ಎಂದು. ಅದರೊಳಗೆ 30 ಸೆಂಟಿಮೀಟರ್ ಅಗಲದ ಒಂದು ದೂರದರ್ಶಕ, ಅದರ ಹಿಂದೆ ಅವಕೆಂಪು ಬೆಳಕನ್ನು ಹಿಡಿಯುವ ಡಿಟೆಕ್ಟರುಗಳು, ಇವೆರಡನ್ನೂ ತಣ್ಣಗಿಡಲು ಹೆಪ್ಪುಗಟ್ಟಿದ ಹೈಡ್ರೋಜನ್ ತುಂಬಿದ ಒಂದು ಫ್ಲಾಸ್ಕು. ನಾಲ್ಕು ತಿಂಗಳು ಆಕಾಶವನ್ನು ನೋಡಿ, ದೂರದ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಹೇಗೆ ಹುಟ್ಟುತ್ತಾ ಬಂದವು ಎಂದು ತಿಳಿಯುವುದು ಅದರ ಕೆಲಸ. ದೂರದರ್ಶಕದ ಬಾಯಿಗೆ ಒಂದು ಮುಚ್ಚಳವಿತ್ತು. ಉಪಗ್ರಹ ಅಲ್ಲಾಡದೆ ನಿಂತು, ಸೂರ್ಯ ಮತ್ತು ಭೂಮಿ ಎರಡರಿಂದಲೂ ಮುಖ ತಿರುಗಿಸಿಕೊಂಡ ಮೇಲೆ, ಸಣ್ಣದೊಂದು ಸಿಡಿಮದ್ದು ಸಿಡಿಸಿ ಆ ಮುಚ್ಚಳವನ್ನು ಹಾರಿಸಬೇಕಿತ್ತು.

ಮುಚ್ಚಳ ಬಹಳ ಮೊದಲೇ ಹಾರಿಹೋಯಿತು. ಹಾರು ಎಂದು ಯಾರೂ ಹೇಳಿರಲಿಲ್ಲ. ಸಿಡಿಮದ್ದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಮೊದಲ ಸಲ ವಿದ್ಯುತ್ ಕೊಟ್ಟ ಹೊತ್ತಿಗೇ ಅದು ಆಗಿಹೋಯಿತು. ತೆರೆದ ಬಾಯಿಯೊಳಗೆ ಬಿಸಿಲು ಬಿತ್ತು, ಭೂಮಿಯ ಕಾವು ಬಿತ್ತು. ಹೆಪ್ಪುಗಟ್ಟಿದ್ದ ಹೈಡ್ರೋಜನ್ ಆವಿಯಾಗಿ ಹೊರನುಗ್ಗಿತು. ಆ ರಭಸಕ್ಕೆ ಉಪಗ್ರಹ ಬುಗುರಿಯಂತೆ ನಿಮಿಷಕ್ಕೆ 60 ಸುತ್ತು ತಿರುಗತೊಡಗಿತು. ಸುಮಾರು 36 ಗಂಟೆಗಳಲ್ಲಿ, ನಾಲ್ಕು ತಿಂಗಳಿಗೆಂದು ತುಂಬಿಟ್ಟಿದ್ದ ತಂಪೆಲ್ಲ ಖಾಲಿಯಾಯಿತು. ದೂರದರ್ಶಕ ಒಂದೇ ಒಂದು ಗ್ಯಾಲಕ್ಸಿಯನ್ನೂ ಅಧ್ಯಯನ ಮಾಡದೆ ಕುರುಡಾಯಿತು.

ಆಮೇಲೆ ಕೂತ ತನಿಖಾ ಮಂಡಳಿ ಕಂಡುಕೊಂಡ ಕಾರಣ ಬಹಳ ಚಿಕ್ಕದು. ಕರೆಂಟ್ ಹೋಗಿ ಬಂದಾಗ ನಮ್ಮ ಮನೆಯ ವಾಷಿಂಗ್ ಮೆಷೀನಿನ ದೀಪಗಳೆಲ್ಲ ಒಮ್ಮೆ ಮಿಣುಕಿ ಆಮೇಲೆ ಸರಿಹೋಗುತ್ತವಲ್ಲ, ಹಾಗೆ. ಯಾವುದೇ ಡಿಜಿಟಲ್ ಚಿಪ್ಪಿಗೆ ವಿದ್ಯುತ್ ಹರಿದ ಕೂಡಲೇ ತಾನು ಯಾರು, ಏನು ಮಾಡಬೇಕು ಎಂಬ ಎಚ್ಚರ ಬರುವುದಿಲ್ಲ. ಅದರ ಗಡಿಯಾರ ಬಡಿಯಲು ಶುರುವಾಗಿ, ತಾಳ ಕೂಡಿ, ಎಲ್ಲವೂ ಸೊನ್ನೆಗೆ ಬಂದು ನಿಲ್ಲಲು ಸೆಕೆಂಡಿನ ಅತಿ ಸಣ್ಣ ಪಾಲು ಬೇಕು. ಆ ಸಣ್ಣ ಪಾಲಿನಲ್ಲಿ ಅದರ ಹೊರಬಾಗಿಲುಗಳಲ್ಲಿ ಏನು ಬೇಕಾದರೂ ಕಾಣಿಸಿಕೊಳ್ಳಬಹುದು. ವೈರ್‌ನಲ್ಲಿ ಕಾಣಿಸಿಕೊಂಡದ್ದು ‘ಸಿಡಿಸು’ ಎಂಬ ಆಜ್ಞೆ. ನೆಲದ ಮೇಲಿನ ಪರೀಕ್ಷೆಗಳಲ್ಲಿ ಇದು ಸಿಕ್ಕಿಬೀಳಲಿಲ್ಲ. ಅಷ್ಟು ಕ್ಷಣಿಕವಾದದ್ದನ್ನು ಹಿಡಿಯುವ ಸೂಕ್ಷ್ಮತೆ ಪರೀಕ್ಷಾ ಉಪಕರಣಗಳಿಗಿರಲಿಲ್ಲ. ಜೊತೆಗೆ, ಈ ಲೇಖನಕ್ಕೆ ಮುಖ್ಯವಾದ ಸಂಗತಿ ಇದು: ಆ ಪೆಟ್ಟಿಗೆಯ ವಿನ್ಯಾಸವನ್ನು ಅದೇ ಕಸುಬು ಬಲ್ಲ ಬೇರೆಯವರು ಕೂತು ಸಾಲುಸಾಲಾಗಿ ಓದಿ ನೋಡಿರಲಿಲ್ಲ.

ಅವಕೆಂಪು ಡಿಟೆಕ್ಟರುಗಳ ಪಕ್ಕದಲ್ಲಿ ಕೂರುವ ಎಲೆಕ್ಟ್ರಾನಿಕ್ಸ್ ಮಾಡುವುದೇ ನನ್ನ ಹೊಟ್ಟೆಪಾಡು. ವೈರ್‌ನ ತನಿಖಾ ವರದಿಯನ್ನು ನಮ್ಮ ಕಸುಬಿನವರು ಬಹಳ ಮಂದಿ ಓದಿರುತ್ತಾರೆ. ಓದಿದವರಲ್ಲಿ ಹೆಚ್ಚಿನವರು ಅದರಿಂದ ತಾಂತ್ರಿಕ ಪಾಠವೊಂದನ್ನು ಕಲಿತು ಮುಂದೆ ಹೋಗುತ್ತಾರೆ. ನನಗೆ ಅದರೊಳಗೆ ಒಂದು ನೈತಿಕ ಪ್ರಶ್ನೆ ಇದೆ ಅನಿಸುತ್ತಲೇ ಬಂದಿದೆ. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಅನುಮಾನದಿಂದ ನೋಡುವುದು ಅವಮಾನವೇ? ಅಥವಾ ಹಾಗೆ ನೋಡದೆ ಬಿಡುವುದೇ ಅವಮಾನವೇ?

ಪ್ರಶ್ನೆಗೆ ಹೋಗುವ ಮುಂಚೆ ಈ ಕೆಲಸ ಎಂಥದ್ದು ಎಂದು ಸ್ವಲ್ಪ ಹೇಳಬೇಕು. ಬಿಸಿಯಿರುವ ವಸ್ತುವೆಲ್ಲ ಬೆಳಗುತ್ತದೆ. ನೀವು, ನಾನು, ಕೊಟ್ಟಿಗೆಯಲ್ಲಿರುವ ಹಸು, ಒಲೆಯಿಂದ ಇಳಿಸಿಟ್ಟ ಪಾತ್ರೆ ಎಲ್ಲವೂ ಕಣ್ಣಿಗೆ ಕಾಣದ ಬೆಳಕೊಂದನ್ನು ಸೂಸುತ್ತಲೇ ಇರುತ್ತೇವೆ. 1800ರಲ್ಲಿ ವಿಲಿಯಂ ಹರ್ಶೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟು ಅಲ್ಲೂ ಕಾವಿದೆ ಎಂದು ಕಂಡುಕೊಂಡ. ಅದೇ ಅವಕೆಂಪು. ನಮ್ಮ ಮೈಯ ಬೆಳಕು ಹತ್ತು ಮೈಕ್ರಾನ್ ಅಲೆಯುದ್ದದ ಆಸುಪಾಸಿನಲ್ಲಿ ಅತಿ ಹೆಚ್ಚು. ಈಗ ತೊಂದರೆ ಏನೆಂದರೆ, ದೂರದರ್ಶಕವೂ ಒಂದು ವಸ್ತುವೇ. ಅದೂ ಬೆಳಗುತ್ತದೆ. ಡಿಟೆಕ್ಟರ್ ತನ್ನ ಕಾವಿನಿಂದ ತಾನೇ ಎಲೆಕ್ಟ್ರಾನುಗಳನ್ನು ಉದುರಿಸುತ್ತದೆ. ಅಷ್ಟೆಲ್ಲ ಬೆಳಕಿನ ನಡುವೆ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ಬೆಳಕನ್ನು ಹುಡುಕುವುದೆಂದರೆ ನಡುಹಗಲಲ್ಲಿ ಮಿಣುಕುಹುಳ ಹುಡುಕಿದ ಹಾಗೆ. ಅದಕ್ಕೇ ಎಲ್ಲವನ್ನೂ ತಣಿಸಬೇಕು. ಜೇಮ್ಸ್ ವೆಬ್ ದೂರದರ್ಶಕದ ಮಧ್ಯ ಅವಕೆಂಪು ಉಪಕರಣದ ಡಿಟೆಕ್ಟರುಗಳು 7 ಕೆಲ್ವಿನ್‌ಗಿಂತ ತಣ್ಣಗಿವೆ. ಅಂದರೆ ನೀರು ಹೆಪ್ಪುಗಟ್ಟುವ ಮಟ್ಟದಿಂದ 266 ಡಿಗ್ರಿ ಕೆಳಗೆ.

ಇಂಥ ಚಳಿಯಲ್ಲಿ ಎಲೆಕ್ಟ್ರಾನಿಕ್ಸ್ ಮಾಡುವುದು ಒಂದು ವಿಚಿತ್ರ ಚೌಕಾಸಿ. ಡಿಟೆಕ್ಟರಿನಿಂದ ಬರುವ ಸಂಕೇತ ಕೆಲವೇ ಎಲೆಕ್ಟ್ರಾನುಗಳಷ್ಟು. ಅದನ್ನು ಬಲಗೊಳಿಸುವ ಸರ್ಕ್ಯೂಟನ್ನು ಹತ್ತಿರ ಇಟ್ಟರೆ ಅದರ ಕಾವೇ ಡಿಟೆಕ್ಟರನ್ನು ಕೆಡಿಸುತ್ತದೆ. ದೂರ ಇಟ್ಟರೆ ದಾರಿಯಲ್ಲಿ ತಂತಿ ಊರ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ತಾಮ್ರದ ತಂತಿ ಹಾಕೋಣವೆಂದರೆ ಅದು ವಿದ್ಯುತ್ತನ್ನು ಒಯ್ಯುವಷ್ಟೇ ಚೆನ್ನಾಗಿ ಶಾಖವನ್ನೂ ಒಯ್ಯುತ್ತದೆ. ಆದ್ದರಿಂದ ಮ್ಯಾಂಗನಿನ್, ಫಾಸ್ಫರ್ ಬ್ರಾಂಜ್‌ನಂಥ ಲೋಹಗಳ ಕೂದಲಿನಷ್ಟು ತೆಳ್ಳಗಿನ ತಂತಿಗಳು. ಪ್ರತಿ ತಂತಿಯೂ ಒಂದು ಸೋರುವ ತೂತು ಎಂದೇ ನಾವು ಲೆಕ್ಕ ಹಾಕುವುದು. ವೆಬ್‌ನಲ್ಲಿರುವಂಥ ಒಂದು ಸಮೀಪ ಅವಕೆಂಪು ಡಿಟೆಕ್ಟರಿನಲ್ಲಿ 2048ಕ್ಕೆ 2048, ಅಂದರೆ ಸುಮಾರು 42 ಲಕ್ಷ ಚುಕ್ಕಿಗಳು. ಪ್ರತಿ ಚುಕ್ಕಿಯ ಕೆಳಗೂ ಇಂಡಿಯಂ ಎಂಬ ಮೆತ್ತನೆಯ ಲೋಹದ ಒಂದು ಗುಬುಟು, ಮೇಲಿನ ಪದರವನ್ನು ಕೆಳಗಿನ ಸಿಲಿಕಾನಿಗೆ ಅಂಟಿಸಿ ಹಿಡಿದಿರುತ್ತದೆ. ತಣಿಸಿದಾಗ ಎರಡು ಪದರಗಳೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ನಡುವೆ ಸಿಕ್ಕ ಆ 42 ಲಕ್ಷ ಗುಬುಟುಗಳು ಹರಿಯದೆ ನಿಲ್ಲಬೇಕು, ತಣಿಸಿ ಬಿಸಿಮಾಡಿದ ಪ್ರತಿ ಸಲವೂ. ಇದಕ್ಕೆ ಮೊದಲು ರಾಕೆಟ್ಟಿನ ನಡುಕ ತಡೆಯಬೇಕು. ಆಮೇಲೆ ಬಾಹ್ಯಾಕಾಶದ ವಿಕಿರಣ ತಡೆಯಬೇಕು. ಎಲ್ಲಿಂದಲೋ ಬಂದ ಒಂದೇ ಒಂದು ಕಣ ಚಿಪ್ಪಿನೊಳಗೆ ತೂರಿ 0 ಇದ್ದದ್ದನ್ನು 1 ಮಾಡಿ ಹೋಗಬಲ್ಲದು.

ಇಷ್ಟೆಲ್ಲ ಆದ ಮೇಲೆ ಅದು ನಮ್ಮ ಕೈಬಿಟ್ಟು ಹೋಗುತ್ತದೆ. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಸ್ಕ್ರೂಡ್ರೈವರ್ ಹಿಡಿದು ಅಲ್ಲಿಗೆ ಹೋಗುವವರು ಯಾರೂ ಇಲ್ಲ. ಹಾಗಾಗಿ ಈ ಕಸುಬಿನಲ್ಲಿ ಹೊಣೆ ಎನ್ನುವುದಕ್ಕೆ ಒಂದು ವಿಶೇಷ ರೂಪವಿದೆ. ಬೇರೆ ಕಡೆ ನಾವು ಮಾಡಿದ ಮೇಲೂ ಹೊಣೆ ಹೊರುತ್ತೇವೆ: ಕೆಟ್ಟರೆ ಬಂದು ನೋಡುತ್ತೇವೆ, ತಪ್ಪಿದರೆ ತಿದ್ದುತ್ತೇವೆ. ಇಲ್ಲಿ ಹೊಣೆಯೆಲ್ಲ ಮುಂಗಡ. ಹಾರುವ ಮುನ್ನ ಎಷ್ಟು ಅನುಮಾನಪಟ್ಟೆವೋ ಅಷ್ಟೇ ನಮ್ಮ ಪಾಲಿನ ಹೊಣೆಗಾರಿಕೆ. ಹಾರಿದ ಮೇಲೆ ಉಳಿಯುವುದು ಪಶ್ಚಾತ್ತಾಪ ಅಥವಾ ಸಂತೋಷ, ಎರಡೂ ಉಪಗ್ರಹದ ಉಪಯೋಗಕ್ಕೆ ಬರುವುದಿಲ್ಲ.

ಅನುಮಾನ ಎಂಬ ಪದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಅನುಮಾನದ ಗಂಡ, ಅನುಮಾನದ ಅತ್ತೆ ಎಂದು ಕೇಳಿ ಬೆಳೆದವರು ನಾವು. ನಂಬಿಕೆಯೇ ದೊಡ್ಡದು ಎನ್ನುವುದು ನಮ್ಮ ಮನೆಮಾತು. ತಮಾಷೆಯೆಂದರೆ ಅನುಮಾನ ಎನ್ನುವುದಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಬಹಳ ಗೌರವದ ಜಾಗವಿದೆ. ಅಲ್ಲಿ ಅದು ಜ್ಞಾನಕ್ಕಿರುವ ಪ್ರಮಾಣಗಳಲ್ಲಿ ಒಂದು. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ದಾರಿ. ಶಾಸ್ತ್ರದಲ್ಲಿ ತಿಳಿಯುವ ಸಾಧನವಾಗಿದ್ದ ಪದ ಮನೆಗೆ ಬರುವಷ್ಟರಲ್ಲಿ ಶಂಕೆಯಾಗಿ, ಬೈಗುಳವಾಗಿಬಿಟ್ಟಿತು. ನಮ್ಮ ಲ್ಯಾಬುಗಳಲ್ಲೂ ಈ ಎರಡು ಅರ್ಥಗಳ ಜಗಳ ನಡೆಯುತ್ತಲೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಹಾಸನದ ಕಡೆಯ ಒಬ್ಬ ಹುಡುಗಿ ಸೇರಿದಳು. ಬುದ್ಧಿವಂತೆ. ಡಿಟೆಕ್ಟರಿಗೆ ಸ್ಥಿರವಾದ ವೋಲ್ಟೇಜ್ ಕೊಡುವ ಒಂದು ಬೋರ್ಡನ್ನು ಆರು ತಿಂಗಳು ಕೂತು ಮಾಡಿದಳು. ಅಚ್ಚುಕಟ್ಟಾದ ಕೆಲಸ. ಅದರ ಡ್ರಾಯಿಂಗುಗಳನ್ನು ನಾನು ಬೇರೊಂದು ಗುಂಪಿಗೆ ಪರಿಶೀಲನೆಗೆ ಕಳಿಸಿದೆ. ಮರುದಿನ ಬಂದು ಮೇಜಿನ ಮುಂದೆ ನಿಂತಳು.

“ಸರ್, ನನ್ನ ಬೋರ್ಡ್ ಸರಿ ಇಲ್ಲ ಅಂತ ಯಾರಾದ್ರೂ ಹೇಳಿದ್ರಾ?”

“ಇಲ್ಲಮ್ಮ, ಯಾರೂ ಹೇಳಿಲ್ಲ.”

“ಮತ್ತೆ ಯಾಕ್ ಸರ್ ಅವ್ರ ಹತ್ರ ಕೊಟ್ರಿ?”

ಎಲ್ಲರದ್ದನ್ನೂ ಕೊಡ್ತೀವಿ, ಇದು ಪದ್ಧತಿ ಎಂದೆ. ಅವಳು ಸುಮ್ಮನೆ ನಿಂತಿದ್ದು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯಲು ಕೇಳುವವಳ ಹಾಗೆ ಕೇಳಿದಳು: “ಹಾಗಾದ್ರೆ ನೀವ್ ಮಾಡಿದ್ದನ್ನ ಯಾರು ನೋಡ್ತಾರೆ ಸರ್?”

ಪದ್ಧತಿಯ ಪ್ರಕಾರ ಅದಕ್ಕೊಂದು ಉತ್ತರವಿತ್ತು. ಒಂದು ಸಮಿತಿಯ ಹೆಸರು ಹೇಳಬಹುದಿತ್ತು. ಆದರೆ ಸಮಿತಿಯಲ್ಲಿ ಕೂರುವ ಹಿರಿಯರಿಗೆ ಪ್ರತಿ ಸಾಲು ಓದುವಷ್ಟು ಪುರುಸೊತ್ತಿರುವುದಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ವಾರ ನನ್ನ ಮೇಜಿನ ಮೇಲಿದ್ದ ಡ್ರಾಯಿಂಗುಗಳನ್ನು ಅವಳಿಗೇ ಕೊಟ್ಟೆ. ಎರಡು ದಿನ ಕೂತು ಹನ್ನೊಂದು ಪ್ರಶ್ನೆಗಳನ್ನು ಬರೆದುಕೊಂಡು ಬಂದಳು. ಒಂಬತ್ತಕ್ಕೆ ನಿಂತಲ್ಲೇ ಉತ್ತರ ಹೇಳಿದೆ. ಉಳಿದ ಎರಡಕ್ಕೆ ಇಬ್ಬರೂ ಕೂತು ಒಂದು ಮಧ್ಯಾಹ್ನ ಲೆಕ್ಕ ಹಾಕಬೇಕಾಯಿತು. ಲೆಕ್ಕ ಮುಗಿದ ಮೇಲೆ ಸರ್ಕ್ಯೂಟು ಇದ್ದಹಾಗೇ ಸರಿಯಾಗಿತ್ತು, ಒಂದು ರೆಸಿಸ್ಟರನ್ನೂ ಬದಲಾಯಿಸಲಿಲ್ಲ. ಹಾಗಾದರೆ ಆ ಮಧ್ಯಾಹ್ನ ವ್ಯರ್ಥವಾಯಿತೇ? ಇಲ್ಲವೆಂದೇ ನನ್ನ ವಾದ. ಅಲ್ಲಿಯವರೆಗೆ ಆ ಸರ್ಕ್ಯೂಟು ಸರಿಯಾಗಿತ್ತು. ಅಲ್ಲಿಂದ ಮುಂದೆ ಅದು ಏಕೆ ಸರಿ ಎಂದು ಇಬ್ಬರಿಗೆ ಗೊತ್ತಿತ್ತು. ಸರಿಯಾಗಿರುವುದು ಬೇರೆ, ಸರಿಯೆಂದು ತಿಳಿದಿರುವುದು ಬೇರೆ. ನೆಲದ ಮೇಲೆ ಈ ಎರಡರ ನಡುವಿನ ಅಂತರ ಅಷ್ಟಾಗಿ ಕಾಣಿಸುವುದಿಲ್ಲ.

ಇಲ್ಲಿ ನನಗೆ ನೆನಪಾಗುವುದು ನಮ್ಮ ಅಂಗಡಿಬೀದಿಯ ಒಂದು ಮಾತು. ದುಡ್ಡು ಕೊಡುವಾಗ ಕೊಡುವವರೇ ಹೇಳುತ್ತಾರೆ: “ಎಣಿಸ್ಕೊಳ್ಳಿ.” ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಸೌಜನ್ಯ ನೋಡಿ. ತೆಗೆದುಕೊಳ್ಳುವವನು ಸುಮ್ಮನೆ ಎಣಿಸಲು ಶುರುಮಾಡಿದರೆ ಅದರಲ್ಲಿ ಒಂದು ಚುಚ್ಚು ಇರುತ್ತದೆ. ಕೊಡುವವನೇ ಎಣಿಸಲು ಹೇಳಿದಾಗ ಆ ಚುಚ್ಚು ಹೋಗುತ್ತದೆ. ನನ್ನ ಲೆಕ್ಕ ತಪ್ಪಿರಬಹುದು, ನೋಟು ಅಂಟಿಕೊಂಡಿರಬಹುದು, ನನಗಾಗಲಿ ನಿಮಗಾಗಲಿ ನಷ್ಟವಾಗುವುದು ಬೇಡ ಎಂಬುದೆಲ್ಲ ಆ ಒಂದು ಮಾತಿನಲ್ಲಿದೆ. ನೆಂಟರ ನಡುವೆ ಮಾತ್ರ ನಾವು ಹೀಗೆ ಹೇಳಲು ಸಂಕೋಚಪಡುತ್ತೇವೆ. “ನಮ್ಮೊಳಗೆ ಎಣಿಸೋದು ಏನಿದೆ” ಅನ್ನುತ್ತೇವೆ. ಆಮೇಲೆ ಎಷ್ಟು ಮನೆಗಳಲ್ಲಿ ಆ ಎಣಿಸದ ದುಡ್ಡಿನಿಂದಲೇ ಮಾತು ಬಿಟ್ಟಿದೆ ಎಂದು ನಿಮಗೇ ಗೊತ್ತು.

ಹಾಗಾಗಿ ಪರಿಶೀಲನೆಯಲ್ಲಿ ಅವಮಾನ ಇದೆಯೋ ಇಲ್ಲವೋ ಎನ್ನುವುದು ಪರಿಶೀಲಿಸುವವನಿಗಿಂತ ಹೆಚ್ಚಾಗಿ, ಅದನ್ನು ಕೇಳಿದವರು ಯಾರು ಎಂಬುದರ ಮೇಲೆ ನಿಂತಿದೆ ಅನಿಸುತ್ತದೆ. ಮಾಡಿದವರು ತಾವಾಗಿಯೇ ಮುಂದಿಟ್ಟು “ನೋಡಿ” ಎಂದರೆ ಅದು ಮರ್ಯಾದೆ. ಮೇಲಿನವರು ಕಸಿದುಕೊಂಡು ನೋಡಿದರೆ ಅದು ಪೊಲೀಸ್ ಕೆಲಸ. ಇನ್ನು, ಕಿರಿಯರದ್ದನ್ನು ಮಾತ್ರ ನೋಡಿ ಹಿರಿಯರದ್ದನ್ನು ಬಿಟ್ಟರೆ ಪರಿಶೀಲನೆ ಎಂಬುದು ಯಾರು ದೊಡ್ಡವರು ಎಂದು ತೋರಿಸುವ ಇನ್ನೊಂದು ವಿಧಾನವಾಗುತ್ತದೆ, ಅಷ್ಟೆ. ಎಲೆಕ್ಟ್ರಾನಿಗೆ ಸೀನಿಯಾರಿಟಿ ತಿಳಿಯುವುದಿಲ್ಲ. ಮೂವತ್ತು ವರ್ಷ ಅನುಭವವಿರುವವರ ಬೋರ್ಡಿಗೂ ಮೊದಲ ಸಲ ವಿದ್ಯುತ್ ಹರಿಯುವಾಗ ಆ ಮಿಣುಕು ಇದ್ದೇ ಇರುತ್ತದೆ.

ಇದಕ್ಕೆ ಎದುರುವಾದ ಇದೆ, ಅದು ದುರ್ಬಲವಾದದ್ದಲ್ಲ. ಅನುಮಾನಕ್ಕೆ ಕೊನೆ ಎಲ್ಲಿ? ಒಬ್ಬರು ನೋಡಿದ್ದನ್ನು ಇನ್ನೊಬ್ಬರು, ಅವರು ನೋಡಿದ್ದನ್ನು ಮತ್ತೊಬ್ಬರು ಎಂದು ಹೋದರೆ ಯಾವ ಉಪಗ್ರಹವೂ ಹಾರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನೋಡುವವರು ಹೆಚ್ಚಾದಷ್ಟೂ ಪ್ರತಿಯೊಬ್ಬರೂ ಕಡಿಮೆ ನೋಡುತ್ತಾರೆ. ಒಂದು ಕಾಗದದಲ್ಲಿ ಏಳು ಸಹಿ ಇದೆಯೆನ್ನಿ. ಮೊದಲನೆಯವರು ಮುಂದೆ ಆರು ಜನ ಇದ್ದಾರಲ್ಲ ಎಂದು ಹಾಕಿರುತ್ತಾರೆ. ಕೊನೆಯವರು ಹಿಂದೆ ಆರು ಜನ ಹಾಕಿದ್ದಾರಲ್ಲ ಎಂದು ಹಾಕಿರುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಕಡತ ಓಡಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಏಳು ಸಹಿಯ ಕಾಗದದಲ್ಲಿ ಒಂದು ಜೊತೆ ಕಣ್ಣೂ ನೆಟ್ಟಗೆ ಬಿದ್ದಿರದೆ ಇರಬಹುದು.

ಈ ಸಮಸ್ಯೆಯ ಎಲೆಕ್ಟ್ರಾನಿಕ್ ರೂಪ ನಮಗೆ ಚೆನ್ನಾಗಿ ಪರಿಚಯ. 1956ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್, ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರವನ್ನು ಕಟ್ಟುವುದು ಹೇಗೆ ಎಂದು ಕೇಳಿದ. ದಾರಿಯೇನೋ ಇದೆ: ಒಂದೇ ಕೆಲಸವನ್ನು ಮೂವರಿಗೆ ಕೊಟ್ಟು ಬಹುಮತ ಕೇಳುವುದು. ವಿಕಿರಣದ ಕಣ ಒಂದು ಸರ್ಕ್ಯೂಟಿನಲ್ಲಿ 0 ಅನ್ನು 1 ಮಾಡಿದರೂ ಉಳಿದೆರಡು ಸರಿಯಾದ ಉತ್ತರವನ್ನೇ ಹೇಳುತ್ತವೆ. ಬಾಹ್ಯಾಕಾಶದ ಎಲೆಕ್ಟ್ರಾನಿಕ್ಸ್‌ನಲ್ಲಿ ಇಂದಿಗೂ ಈ ಮೂರರ ಮತದಾನ ದಿನನಿತ್ಯದ ಸಂಗತಿ. ಆದರೆ ಇದಕ್ಕೊಂದು ಷರತ್ತಿದೆ. ಮೂರೂ ಬೇರೆ ಬೇರೆಯಾಗಿ ತಪ್ಪಬೇಕು. ಮೂರಕ್ಕೂ ಒಂದೇ ಡ್ರಾಯಿಂಗಿನಿಂದ ಒಂದೇ ತಪ್ಪು ಬಂದಿದ್ದರೆ ಮೂರೂ ಒಮ್ಮತದಿಂದ ತಪ್ಪು ಉತ್ತರ ಹೇಳುತ್ತವೆ, ಒಮ್ಮತ ಕಂಡು ನಾವು ಇನ್ನೂ ಧೈರ್ಯವಾಗಿರುತ್ತೇವೆ. ಮನುಷ್ಯರ ವಿಷಯದಲ್ಲೂ ಇದೇ ಲೆಕ್ಕ. ಒಂದೇ ಕಾಲೇಜು, ಒಂದೇ ಗುರು, ಒಂದೇ ತಂಡದ ಏಳು ಜನ ನೋಡುವುದಕ್ಕಿಂತ, ಪಕ್ಕದ ತಂಡದಿಂದ ಬಂದು “ಇದು ಯಾಕೆ ಹೀಗಿದೆ” ಎಂದು ಕೇಳುವ ಒಬ್ಬರು ಮೇಲು. ಎಷ್ಟು ಜನ ಅನುಮಾನಿಸಿದರು ಎನ್ನುವುದಕ್ಕಿಂತ ಎಷ್ಟು ಬೇರೆ ಕಡೆಯಿಂದ ಅನುಮಾನ ಬಂತು ಎನ್ನುವುದು ಮುಖ್ಯ.

ಇನ್ನೊಂದು ಎದುರುವಾದ ದುಡ್ಡಿನದು. ವೈರ್ ಕಡಿಮೆ ಖರ್ಚಿನ ಸಣ್ಣ ಉಪಗ್ರಹಗಳ ಸಾಲಿಗೆ ಸೇರಿದ್ದು. ಬೇಗ, ಚೆನ್ನಾಗಿ, ಅಗ್ಗವಾಗಿ ಎನ್ನುವುದು ಆ ದಶಕದಲ್ಲಿ ನಾಸಾದ ಘೋಷಣೆಯಾಗಿತ್ತು. ಅದೇ 1999ರಲ್ಲಿ ಮಂಗಳಕ್ಕೆ ಹೋದ ಎರಡು ನೌಕೆಗಳೂ ಕಳೆದುಹೋದವು. ಒಂದು, ಎರಡು ತಂಡಗಳು ಬೇರೆ ಬೇರೆ ಅಳತೆಯ ಮಾನ ಬಳಸಿದ್ದು ಯಾರ ಗಮನಕ್ಕೂ ಬಾರದ್ದರಿಂದ. ಅಗ್ಗವಾಗಿ ಮಾಡುವುದು ತಪ್ಪು ಎಂದು ಭಾರತದವರಾದ ನಾವು ಹೇಳಲಾರೆವು. ನಮ್ಮ ಹೆಮ್ಮೆಯೇ ಅದು. ಆದರೆ ಖರ್ಚು ಕಡಿತ ಮಾಡುವಾಗ ಕಣ್ಣಿಗೆ ಮೊದಲು ಬೀಳುವುದು ಈ ಎಣಿಸುವ ಕೆಲಸವೇ, ಏಕೆಂದರೆ ಹೆಚ್ಚಿನ ಸಲ ಎಣಿಸಿದಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಏನೂ ಸಿಗದ ಹುಡುಕಾಟಕ್ಕೆ ಸಂಬಳ ಕೊಡುವುದು ಯಾವ ಲೆಕ್ಕಿಗನಿಗೂ ಇಷ್ಟವಿಲ್ಲ.

ಹುಡುಕಿದಾಗ ಸಿಕ್ಕ ಒಂದು ಉದಾಹರಣೆ ಹೇಳುತ್ತೇನೆ. ವೆಬ್ ದೂರದರ್ಶಕಕ್ಕೆಂದು ಮಾಡಿ, ಪರೀಕ್ಷಿಸಿ, ಒಪ್ಪಿಕೊಂಡಿದ್ದ ಸಮೀಪ ಅವಕೆಂಪು ಡಿಟೆಕ್ಟರುಗಳಲ್ಲಿ ಕೆಲವು ಸುಮ್ಮನೆ ಇಟ್ಟಲ್ಲೇ ಕೆಡುತ್ತಿವೆ ಎಂದು 2010ರ ಹೊತ್ತಿಗೆ ಗೊತ್ತಾಯಿತು. ಅವುಗಳ ಒಳಗಿನ ತಡೆಪದರದ ವಿನ್ಯಾಸದಲ್ಲಿ ಲೋಪವಿತ್ತು. ನಾನು ಮೇಲೆ ಹೇಳಿದ ಆ ಇಂಡಿಯಂ ನಿಧಾನವಾಗಿ ಪಕ್ಕದ ಲೋಹದೊಳಗೆ ಇಳಿಯುತ್ತಿತ್ತು. ಯೋಜನೆ ಆಗಲೇ ವರ್ಷಗಟ್ಟಲೆ ತಡವಾಗಿತ್ತು, ಖರ್ಚಿನ ಬಗ್ಗೆ ಅಮೆರಿಕದ ಸಂಸತ್ತಿನಲ್ಲಿ ಗಲಾಟೆ ಹತ್ತಿರದಲ್ಲಿತ್ತು. ಅಂಥ ಹೊತ್ತಿನಲ್ಲಿ, ಒಪ್ಪಿಗೆಯಾಗಿ ಮುಗಿದುಹೋದ ವಸ್ತುವನ್ನು ಮತ್ತೆ ಹೊರತೆಗೆದು ಅಳೆದು, “ಇದು ಹೋದ ಸಲದ ಹಾಗಿಲ್ಲ” ಎಂದು ಹೇಳಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿ. ವಿನ್ಯಾಸ ಬದಲಾಯಿಸಿ ಹೊಸ ಡಿಟೆಕ್ಟರುಗಳನ್ನು ಮಾಡಿದರು, ಹಳೆಯದನ್ನು ತೆಗೆದು ಹಾಕಿದರು. 2021ರ ಡಿಸೆಂಬರ್ 25ರಂದು ವೆಬ್ ಹಾರಿತು. ಈಗ ನಾವು ನೋಡಿ ಬೆರಗಾಗುವ ಆ ಚಿತ್ರಗಳ ಹಿಂದೆ, ಮುಗಿದ ಲೆಕ್ಕವನ್ನು ಮತ್ತೆ ಎಣಿಸಿದ ಕೆಲವರು ಇದ್ದಾರೆ.

ಅನುಮಾನದ ಇನ್ನೊಂದು ಮುಖ ನಮಗೆ ಇನ್ನೂ ಹತ್ತಿರದ್ದು. 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-1ರಲ್ಲಿ ನಾಸಾದ ಎಂ-3 ಎಂಬ ಅವಕೆಂಪು ಉಪಕರಣವಿತ್ತು. ಚಂದ್ರನ ಕಕ್ಷೆಯಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಶಾಖವಿತ್ತು, ನಕ್ಷತ್ರಗಳನ್ನು ನೋಡಿ ದಿಕ್ಕು ಹೇಳುವ ಸಂವೇದಕಗಳು ಕೈಕೊಟ್ಟವು, 2009ರ ಮೇ ತಿಂಗಳಲ್ಲಿ ನೌಕೆಯನ್ನು 100 ಕಿಲೋಮೀಟರ್ ಎತ್ತರದಿಂದ 200ಕ್ಕೆ ಏರಿಸಲಾಯಿತು, ಆಗಸ್ಟ್ 29ರಂದು ಸಂಪರ್ಕವೇ ಕಡಿಯಿತು. ಅಷ್ಟರೊಳಗೆ ಬೆಂಗಳೂರಿನ ಹೊರಗಿನ ಬ್ಯಾಲಾಳಿನ ಆಂಟೆನಾಗಳಿಗೆ ಇಳಿದು ಬಂದ ಮಾಹಿತಿಯಲ್ಲಿ, ಮೂರು ಮೈಕ್ರಾನ್ ಅಲೆಯುದ್ದದ ಬಳಿ ಒಂದು ತಗ್ಗು ಕಾಣಿಸಿತ್ತು. ಅದು ನೀರಿನ, ಅಥವಾ ಅದರ ಹತ್ತಿರದ ಬಂಧುವಾದ ಹೈಡ್ರಾಕ್ಸಿಲ್‌ನ ಗುರುತು.

ಆದರೆ ಚಂದ್ರನ ನೆಲ ಒಣಗಿದ್ದು ಎಂದು ಅಪೋಲೋ ಕಾಲದಿಂದ ಎಲ್ಲರೂ ನಂಬಿದ್ದರು. ಸಾಲದ್ದಕ್ಕೆ ಆ ತಗ್ಗು ಇದ್ದದ್ದು ಉಪಕರಣ ಕಾಣಬಲ್ಲ ಮಿತಿಯ ತುದಿಯಲ್ಲೇ. ಎಂ-3 ನೋಡಬಲ್ಲದ್ದು ಮೂರು ಮೈಕ್ರಾನ್‌ವರೆಗೆ ಮಾತ್ರ. ತಂಡದವರು ಮೊದಲು ಅನುಮಾನಿಸಿದ್ದು ತಮ್ಮ ಉಪಕರಣವನ್ನೇ. ಸಾಲದೆಂದು ಬೇರೆ ಕಣ್ಣುಗಳನ್ನು ಕೇಳಿದರು. ಶನಿಗೆ ಹೊರಟಿದ್ದ ಕ್ಯಾಸಿನಿ ನೌಕೆ 1999ರಲ್ಲಿ ಭೂಮಿಯ ಪಕ್ಕ ಹಾದುಹೋಗುವಾಗ ಚಂದ್ರನನ್ನು ನೋಡಿತ್ತು. ಆ ಹಳೆಯ ಮಾಹಿತಿಯಲ್ಲೂ ಅದೇ ತಗ್ಗಿತ್ತು. ಧೂಮಕೇತುವಿನ ಕಡೆಗೆ ಹೊರಟಿದ್ದ ಡೀಪ್ ಇಂಪ್ಯಾಕ್ಟ್ ನೌಕೆ 2009ರ ಜೂನ್‌ನಲ್ಲಿ ನೋಡಿದಾಗಲೂ ಕಂಡಿತು. ಆಮೇಲೆ, ಸೆಪ್ಟೆಂಬರ್‌ನಲ್ಲಿ, ಮೂರೂ ತಂಡಗಳ ಪ್ರಬಂಧಗಳು ಒಟ್ಟಿಗೆ ಹೊರಬಂದವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಅಜ್ಜಿಯಂದಿರ ಬಾಯಲ್ಲಿತ್ತು. ಇಲ್ಲಿ ಗಮನಿಸಬೇಕಾದದ್ದು, ತಮ್ಮನ್ನು ತಾವು ಅನುಮಾನಿಸಿದ್ದರಿಂದ ಆ ತಂಡದ ಗೌರವ ಕಡಿಮೆಯಾಗಲಿಲ್ಲ. ಅವರ ಮಾತಿಗೆ ತೂಕ ಬಂದದ್ದೇ ಅದರಿಂದ.

ಆದರೂ ಅನುಮಾನ ಒಂದು ಕಡೆ ನಿಲ್ಲಲೇಬೇಕು. ವೆಬ್‌ನಲ್ಲಿ ಯಾವುದೊಂದು ತಪ್ಪಿದರೂ ಇಡೀ ಯೋಜನೆಗೆ ಕುತ್ತು ತರಬಲ್ಲ 344 ಜಾಗಗಳನ್ನು ಪಟ್ಟಿ ಮಾಡಿದ್ದರು. ಅವನ್ನೆಲ್ಲ ಇಲ್ಲವಾಗಿಸಲು ಆಗಲಿಲ್ಲ. ಪ್ರತಿಯೊಂದನ್ನೂ ಬರೆದಿಟ್ಟು, ಕೈಲಾದದ್ದನ್ನು ಮಾಡಿ, ಹಾರಿಸಿದರು. ಇದು ನನಗೆ ಪ್ರಾಮಾಣಿಕವಾದ ನಿಲುಗಡೆ ಎನಿಸುತ್ತದೆ. ಉಳಿದಿರುವ ಅಪಾಯ ಇಂತಿಷ್ಟು, ಇಲ್ಲಿಲ್ಲಿ ಇದೆ ಎಂದು ಹೆಸರು ಹಿಡಿದು ಹೇಳಬಲ್ಲವರು ನಂಬಿಕೆಯಿಂದ ಹೆಜ್ಜೆ ಇಡಬಹುದು. ಏನಿದೆ ಎಂದೇ ನೋಡದೆ ಇಡುವ ಹೆಜ್ಜೆಯನ್ನೂ ನಾವು ನಂಬಿಕೆ ಎಂದೇ ಕರೆಯುತ್ತೇವೆ. ಎರಡೂ ಒಂದೇ ಅಲ್ಲ.

ಹಾಗಾದರೆ ಎಣಿಸದೆ ಬಿಟ್ಟು ಸೋತವರ ಗತಿ? ವೈರ್ ವರದಿಯಲ್ಲಿ ನನಗೆ ಮೆಚ್ಚಿಗೆಯಾದದ್ದು, ಅದು ತಪ್ಪನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಿಲ್ಲ. ವಿನ್ಯಾಸದ ಲೋಪವನ್ನು ಮುಚ್ಚಿಡದೆ ಹೇಳುತ್ತದೆ. ಅದರ ಜೊತೆಗೇ ಅದನ್ನು ಹಿಡಿಯಬೇಕಿದ್ದ ಪರಿಶೀಲನೆ, ಪರೀಕ್ಷೆಗಳ ಬಗ್ಗೆಯೂ ಹೇಳುತ್ತದೆ. ಯಾರೂ ಓದದ ಡ್ರಾಯಿಂಗಿನ ಎದುರು ಒಬ್ಬಂಟಿಯಾಗಿ ಕೂತವರಿಂದ ತಪ್ಪಾದರೆ, ಅವರನ್ನು ಒಬ್ಬಂಟಿಯಾಗಿ ಬಿಟ್ಟವರದ್ದೂ ಅದರಲ್ಲಿ ಪಾಲಿದೆ. ನೋಡದೆ ಬಿಡುವುದೇ ಅವಮಾನವೇ ಎಂದು ಮೊದಲಲ್ಲಿ ಕೇಳಿದ್ದಕ್ಕೆ ನನ್ನ ಉತ್ತರ ಇದು. ನಿನ್ನ ಮೇಲೆ ನಂಬಿಕೆಯಿದೆ ಎಂದು ಬೆನ್ನು ತಟ್ಟಿ ಹೋದವರು ಹಾರುವ ದಿನ ಅವರ ಜೊತೆಗಿರುವುದಿಲ್ಲ. ಸಾಲುಸಾಲಾಗಿ ಓದಿ ಹನ್ನೊಂದು ಪ್ರಶ್ನೆ ಕೇಳಿದವರು ಇರುತ್ತಾರೆ.

ವೈರ್ ಪೂರ್ತಿ ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಅದರ ಮೈಮೇಲೆ ದಿಕ್ಕು ತಿಳಿಯಲೆಂದು ಇಟ್ಟಿದ್ದ 52 ಮಿಲಿಮೀಟರಿನ ಒಂದು ಪುಟ್ಟ ನಕ್ಷತ್ರವೀಕ್ಷಕ ಸರಿಯಾಗಿತ್ತು. ಅದನ್ನೇ ಪ್ರಕಾಶಮಾನ ನಕ್ಷತ್ರಗಳತ್ತ ತಿರುಗಿಸಿ, ಅವುಗಳ ಬೆಳಕಿನ ಸಣ್ಣ ಕಂಪನಗಳನ್ನು ಅಳೆಯುವ ಕೆಲಸಕ್ಕೆ ವಿಜ್ಞಾನಿಗಳು ಹಚ್ಚಿದರು. ಉಪಕಾರವೇ ಆಯಿತು. ಆದರೆ ಅದನ್ನು ನೆಪಮಾಡಿಕೊಂಡು ಆದದ್ದೆಲ್ಲ ಒಳ್ಳೆಯದಕ್ಕೇ ಎನ್ನುವುದು ನನ್ನಿಂದ ಆಗದು. ಆ ನಾಲ್ಕು ತಿಂಗಳ ಆಕಾಶಕ್ಕಾಗಿ ವರ್ಷಗಟ್ಟಲೆ ಕಾದವರಿದ್ದರು.

ನಮ್ಮ ಕಸುಬಿನಲ್ಲಿ ಇಷ್ಟು ಎಣಿಸುವುದಕ್ಕೆ ಕಾರಣ ಕೇಳಿದರೆ, ಮತ್ತೆ ಕೈಗೆ ಸಿಗುವುದಿಲ್ಲವಲ್ಲ ಎನ್ನುತ್ತೇವೆ. ಸರಿಯಾದ ಉತ್ತರವೇ. ಆದರೆ ಕೈಗೆ ಸಿಗುವ ವಸ್ತುಗಳ ಬಗ್ಗೆ ನಾವು ಎಷ್ಟು ಸಡಿಲವಾಗಿದ್ದೇವೆ ಎಂಬುದನ್ನೂ ಆ ಉತ್ತರ ಹೇಳುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್, ಶಾಲೆಯ ಬಿಸಿಯೂಟದ ಗ್ಯಾಸ್ ಪೈಪು, ಆಸ್ಪತ್ರೆಯಲ್ಲಿ ಔಷಧಿ ಹನಿಸುವ ಪಂಪು ಇವುಗಳ ವಿಷಯದಲ್ಲಿ “ಕೆಟ್ಟರೆ ಆಮೇಲೆ ರಿಪೇರಿ ಮಾಡಿದರಾಯ್ತು” ಎಂಬ ಧೈರ್ಯ ನಮಗಿದೆ. ರಿಪೇರಿಯಾಗುವುದು ಯಂತ್ರ. ಅದು ಕೆಡುವ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದವರು ಕೂಡ ವೆಬ್‌ನಷ್ಟೇ ದೂರ, ಮತ್ತೆ ಕೈಗೆ ಸಿಗುವವರಲ್ಲ.

ಅಪಾರ್ಟ್‌ಮೆಂಟುಗಳ ಲಿಫ್ಟಿನೊಳಗೆ ಒಮ್ಮೊಮ್ಮೆ ಒಂದು ಚೀಟಿ ಅಂಟಿಸಿರುತ್ತಾರೆ: ತಪಾಸಣೆಯ ದಿನಾಂಕ, ಪಕ್ಕದಲ್ಲಿ ಗೀಚಿದ ಒಂದು ಸಹಿ. ಹತ್ತಿದಾಗಲೆಲ್ಲ ಅದನ್ನು ನೋಡುವುದು ನನಗೆ ಅಭ್ಯಾಸವಾಗಿದೆ. ಸಹಿ ಹಾಕಿದವರು ಹಗ್ಗವನ್ನು ನಿಜಕ್ಕೂ ಮುಟ್ಟಿ ನೋಡಿದ್ದರೇ, ಅಥವಾ ಹೋದ ತಿಂಗಳ ಸಹಿಯನ್ನು ನಂಬಿದ್ದರೇ ಎಂದು ಅನುಮಾನ ಬರುತ್ತದೆ. ಅವರ ಮೇಲಿನ ಸಿಟ್ಟಿನಿಂದಲ್ಲ.